ನಾಳೆಯ ಓಟಕ್ಕೆ ಹಸಿವು ಉಳಿಸಿಕೊಳ್ಳುವುದು

(ಮೈಸೂರಿನಲ್ಲಿ ಹವ್ಯಾಸಿ ಓಟಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇವೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಜನವರಿ ಮೊದಲ ವಾರ ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತು ನೋಡಿ. ಹೊಸ ಶೂ, ಹೊಸ ಟೀ ಶರ್ಟು, ಕಿವಿಗೆ ಹೊಸ ಇಯರ್‌ಫೋನು. ಎಳ್ಳು ಬೆಲ್ಲ ಬೀರುವವರೆಗೂ ಈ ಸಡಗರ ಇರುತ್ತದೆ. ಶಿವರಾತ್ರಿ ಹೊತ್ತಿಗೆ ಮತ್ತೆ ಅದೇ ಹಳೆಯ ಮುಖಗಳು. ಬಿಟ್ಟವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಒಂದೇ ಮಾತು ಹೇಳುತ್ತಾರೆ: "ಸೋಮಾರಿತನ ಸಾರ್, ಮನಸ್ಸೇ ಬರಲ್ಲ."

ನನಗೆ ಈ ಉತ್ತರದಲ್ಲಿ ನಂಬಿಕೆಯಿಲ್ಲ. ವಾರಕ್ಕೆ ಆರು ದಿನ ದುಡಿಯುವವರು, ಮನೆ ನಡೆಸುವವರು, ಮಕ್ಕಳ ಫೀಸು ಹೊಂದಿಸುವವರು ಓಟದ ಮಟ್ಟಿಗೆ ಮಾತ್ರ ಸೋಮಾರಿಗಳಾಗುತ್ತಾರೆಯೇ? ಅವರು ಬಿಟ್ಟದ್ದಕ್ಕೆ ಕಾರಣ ಅವಸರ. ಮೊದಲ ದಿನವೇ ಜೋರಾಗಿ ಓಡಿದರು, ಏದುಸಿರು ಬಂತು, ಹೊಟ್ಟೆಯ ಪಕ್ಕ ಹಿಡಿದುಕೊಂಡಿತು, ಮರುದಿನ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಆರನೇ ದಿನ ಅಲಾರಾಂ ಹೊಡೆದಾಗ ಮೈ ಇದನ್ನೆಲ್ಲ ನೆನಪಿಟ್ಟುಕೊಂಡಿತ್ತು. ಅದಕ್ಕೆ ನಾವು ಸೋಮಾರಿತನ ಎಂದು ಹೆಸರಿಟ್ಟೆವು.

ಊಟಕ್ಕೆ ಕೂತಾಗ ಮನೆಯ ಹಿರಿಯರು ಹೇಳುತ್ತಿದ್ದರಲ್ಲ, ಇನ್ನೆರಡು ತುತ್ತು ಹಿಡಿಸುತ್ತದೆ ಅನ್ನುವಾಗಲೇ ಎಲೆ ಬಿಟ್ಟು ಏಳಬೇಕು ಅಂತ. ಓಟದಲ್ಲಿ ಹುರುಪು ಉಳಿಸಿಕೊಳ್ಳುವ ವಿದ್ಯೆ ಹೆಚ್ಚುಕಡಿಮೆ ಇಷ್ಟೇ. ಇನ್ನೊಂದು ಕಿಲೋಮೀಟರು ಓಡಬಹುದಿತ್ತು ಎಂಬ ಆಸೆ ಮಿಕ್ಕಿರುವಾಗ ಮನೆಗೆ ಹೋಗಬೇಕು. ಹೇಳುವುದಕ್ಕೆ ಸುಲಭ. ಮಾಡುವುದಕ್ಕೆ ಲೆಕ್ಕ ಬೇಕು. ಆ ಲೆಕ್ಕ ಹೇಳುತ್ತೇನೆ.

ಮೊದಲು ವೇಗ. ಎಷ್ಟು ನಿಧಾನವಾದರೆ ನಿಧಾನ? ಗಡಿಯಾರ ಬೇಡ, ಮಗ್ಗಿ ಸಾಕು. ಓಡುತ್ತಾ ಹದಿಮೂರರ ಮಗ್ಗಿ ಬಾಯಿಬಿಟ್ಟು ಹೇಳಿ. "ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು." ಈ ಎರಡು ಸಾಲು ಒಂದೇ ಉಸಿರಿನಲ್ಲಿ ಆರಾಮವಾಗಿ ಬಂದರೆ ವೇಗ ಸರಿಯಿದೆ. ಒಂದು ಸಾಲಿಗೇ ಉಸಿರು ಮುಗಿದು, "ಇಪ್ಪತ್ತು... ಆರು" ಎಂದು ಒಡೆದರೆ ಜಾಸ್ತಿಯಾಯಿತು. ಪದವೇ ಹೊರಡದಿದ್ದರೆ ಅದು ಸ್ಪರ್ಧೆಯ ವೇಗ, ಮಂಗಳವಾರ ಬೆಳಗ್ಗೆ ಅದರ ಅಗತ್ಯವಿಲ್ಲ. ಮಗ್ಗಿ ಮರೆತವರು ಮನೆಯವರ ಹೆಸರುಗಳನ್ನು ಹೇಳಿಕೊಳ್ಳಬಹುದು, ಹಾಡಲು ಮಾತ್ರ ಹೋಗಬೇಡಿ. ಹಾಡುವಷ್ಟು ಉಸಿರಿದ್ದರೆ ಅದು ನಡಿಗೆ.

ಹೊಸಬರಿಗೆ ಈ ಮಗ್ಗಿಯ ವೇಗ ಕಿಲೋಮೀಟರಿಗೆ ಎಂಟು ನಿಮಿಷದ ಆಚೀಚೆ ಬರುತ್ತದೆ. ಕೆಲವರಿಗೆ ಒಂಬತ್ತೂ ಆಗಬಹುದು. ಬಿರುಸಾಗಿ ನಡೆಯುವವರು ಹತ್ತು ನಿಮಿಷಕ್ಕೆ ಕಿಲೋಮೀಟರು ಮುಗಿಸುತ್ತಾರೆ, ಹಾಗಾಗಿ ಓಡುವವರಿಗೂ ನಡೆಯುವವರಿಗೂ ಅಂಥ ಅಂತರ ಕಾಣುವುದಿಲ್ಲ. ಕಷ್ಟ ಇರುವುದೇ ಇಲ್ಲಿ. ರಿಟೈರ್ ಆದ ಮೇಷ್ಟ್ರೊಬ್ಬರು ಕೈ ಬೀಸಿಕೊಂಡು ಪಕ್ಕದಲ್ಲೇ ದಾಟಿ ಹೋದರೆ ಮೂವತ್ತು ವರ್ಷದ ಹುಡುಗನಿಗೆ ತಡೆಯುವುದಿಲ್ಲ, ಸ್ಪೀಡು ಏರಿಸಿಬಿಡುತ್ತಾನೆ. ಮಾನ ಉಳಿಯಿತು, ಆ ವಾರದ ಓಟ ಹೋಯಿತು.

ನಿಧಾನ ಏಕೆ ಬೇಕು ಎನ್ನುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಮೈಯೊಳಗಿನ ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಪಳಗುವುದಿಲ್ಲ. ಹೃದಯ, ರಕ್ತ, ಉಸಿರು ಬೇಗ ಕಲಿಯುತ್ತವೆ. ಆರೆಂಟು ವಾರದಲ್ಲಿ ದಮ್ಮು ಕಟ್ಟಿದ್ದು ನಿಮಗೇ ಗೊತ್ತಾಗುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರುಗಳಿಗೆ ರಕ್ತದ ಹರಿವು ಕಡಿಮೆ, ಅವು ಗಟ್ಟಿಯಾಗಲು ತಿಂಗಳುಗಳು ಬೇಕು. ಮೂಳೆಯದು ಇನ್ನೂ ವಿಚಿತ್ರ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯದನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ, ಈ ನಡುವೆ ಕೆಲವು ವಾರ ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರುತ್ತದೆ. ಅಂದರೆ ಎರಡನೆಯ, ಮೂರನೆಯ ತಿಂಗಳಲ್ಲಿ ಉಸಿರು "ಓಡು" ಅನ್ನುತ್ತದೆ, ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಹೆಚ್ಚಿನ ಪೆಟ್ಟುಗಳು ಈ ಸಂದಿಯಲ್ಲೇ ಆಗುತ್ತವೆ. ಜನ ಓಟ ಬಿಡುವುದೂ ಆಗಲೇ.

ಆ ಪೆಟ್ಟುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಇದನ್ನು ಗುರುತಿಸುವುದು ಕಲಿತರೆ ಎಷ್ಟೋ ಜನ ಉಳಿದುಕೊಳ್ಳುತ್ತಾರೆ. ಮಂಡಿಯ ಕೆಳಗೆ, ಕಾಲಿನ ಮುಂದಿನ ಮೂಳೆಯ ಒಳ ಅಂಚಿನಲ್ಲಿ ನೋವು. ಮಂಚದ ಮೇಲೆ ಕೂತು ಹೆಬ್ಬೆರಳಿನಿಂದ ಆ ಅಂಚನ್ನು ಮೇಲಿನಿಂದ ಹರಡಿನವರೆಗೆ ಒತ್ತುತ್ತಾ ಬನ್ನಿ. ನೋವು ಗೇಣುದ್ದ ಹರಡಿಕೊಂಡಿದ್ದರೆ, ಓಟದ ಮೊದಲಲ್ಲಿ ಇದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾಗುವಂತಿದ್ದರೆ, ಸಾಮಾನ್ಯವಾಗಿ ಅದು ಎಳೆತದ ನೋವು. ವಾರದ ಓಟವನ್ನು ಅರ್ಧಕ್ಕಿಳಿಸಿ, ಸಾಧ್ಯವಾದಷ್ಟು ಮಣ್ಣಿನ ದಾರಿಗೆ ಹೋಗಿ, ಎರಡು ಮೂರು ವಾರದಲ್ಲಿ ಹತೋಟಿಗೆ ಬರುತ್ತದೆ. ಒಂದೇ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದಲ್ಲಿ ಚುಚ್ಚಿದಂತಾದರೆ, ಆ ಕಾಲಿನಲ್ಲಿ ಕುಂಟಾಬಿಲ್ಲೆಯಂತೆ ಕುಪ್ಪಳಿಸಿದಾಗ ಜೀವ ಹೋದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಅವತ್ತೇ ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು, ಅದಕ್ಕೇ "ಎಕ್ಸ್‌ರೇ ನಾರ್ಮಲ್" ಎಂದ ಮಾತ್ರಕ್ಕೆ ಮರುದಿನ ಓಡಲು ಹೋಗಬೇಡಿ. ಸಹಿಸಿಕೊಂಡು ಓಡುವುದು ಇಲ್ಲಿ ಶೂರತನವಲ್ಲ.

ಈಗ ಶುರು ಮಾಡುವ ಕ್ರಮ. ವಾರಕ್ಕೆ ಮೂರು ದಿನ ಸಾಕು, ಮಂಗಳವಾರ, ಗುರುವಾರ, ಭಾನುವಾರ ಅಂದುಕೊಳ್ಳಿ. ಮೊದಲ ಎರಡು ವಾರ ಐದು ನಿಮಿಷ ನಡೆದು, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ, ಆಮೇಲೆ ಐದು ನಿಮಿಷ ನಡೆದು ಮನೆಗೆ. ಒಟ್ಟು 34 ನಿಮಿಷ. ಮೂರು ಮತ್ತು ನಾಲ್ಕನೇ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಐದು ಆರರಲ್ಲಿ ನಾಲ್ಕು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆ, ಐದು ಸಲ. ಏಳು ಎಂಟರಲ್ಲಿ ಎಂಟು ನಿಮಿಷಕ್ಕೆ ಒಂದು, ಮೂರು ಸಲ. ಹತ್ತನೇ ವಾರದ ಹೊತ್ತಿಗೆ ನಿಲ್ಲದೆ 25 ನಿಮಿಷ ಓಡುವುದು ಹೆಚ್ಚಿನವರಿಗೆ ಬರುತ್ತದೆ. ಬರದಿದ್ದರೆ ಅದೇ ವಾರವನ್ನು ಇನ್ನೊಮ್ಮೆ ಮಾಡಿ, ಪರೀಕ್ಷೆಯೇನೂ ಅಲ್ಲವಲ್ಲ. ನಡಿಗೆ ಸೇರಿಸುವುದು ಸೋಲು ಎಂದು ತಿಳಿದವರಿಗೆ ಒಂದು ಮಾತು: 1972ರ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಅವರೇ ಓಟ-ನಡಿಗೆಯ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರು. ಆ ಲೆಕ್ಕದಲ್ಲಿ ಪೂರ್ತಿ ಮ್ಯಾರಥಾನ್, ಅಂದರೆ 42.195 ಕಿಲೋಮೀಟರು, ಮುಗಿಸುವವರಿದ್ದಾರೆ.

25 ನಿಮಿಷ ಬಂದ ಮೇಲೂ ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಕಡಿಮೆ ಮಾಡಿ. ಹೊಲವನ್ನು ಬೀಳು ಬಿಟ್ಟಂತೆ. ನಮ್ಮ ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳಗಿನ ಓಟ ನಿರ್ಧಾರವಾಗುವುದು ಹಿಂದಿನ ರಾತ್ರಿ. ಐದೂಮುಕ್ಕಾಲಿಗೆ ಕಣ್ಣು ಬಿಟ್ಟ ಮನುಷ್ಯನಿಗೆ ಯೋಚಿಸಲು ಏನನ್ನೂ ಉಳಿಸಿರಬಾರದು, ಯೋಚಿಸಿದರೆ ಹಾಸಿಗೆಯೇ ಗೆಲ್ಲುವುದು. ಮಲಗುವ ಮೊದಲು ಬಟ್ಟೆ ಕುರ್ಚಿಯ ಮೇಲಿರಲಿ. ಸಾಕ್ಸ್ ಉಲ್ಟಾ ಆಗಿದ್ದರೆ ಸರಿಮಾಡಿ ಶೂ ಒಳಗೇ ತುರುಕಿಡಿ. ಶೂ ಬಾಗಿಲ ಬಳಿ, ಲೇಸು ಬಿಚ್ಚಿ. ಬೀಗದಕೈ ಶೂ ಪಕ್ಕದಲ್ಲಿ. ಒಂದು ಲೋಟ ನೀರು ಮುಚ್ಚಿಟ್ಟಿರಲಿ. ಮೊಬೈಲನ್ನು ಎದ್ದು ನಾಲ್ಕು ಹೆಜ್ಜೆ ನಡೆದರೆ ಮಾತ್ರ ಸಿಗುವ ಕಡೆ ಚಾರ್ಜಿಗೆ ಹಾಕಿ, ಅಲಾರಾಂ ಅದರಲ್ಲೇ. ಯಾವ ದಾರಿ, ಎಷ್ಟು ನಿಮಿಷ ಎನ್ನುವುದೂ ರಾತ್ರಿಯೇ ತೀರ್ಮಾನವಾಗಬೇಕು. "ನಾಳೆ ಓಡುತ್ತೇನೆ" ಎಂಬ ಮಾತಿಗೆ ತೂಕವಿಲ್ಲ. "ಹಾಲಿನವನು ಬಂದ ಕೂಡಲೇ ಶೂ ಹಾಕಿಕೊಂಡು ಲಿಂಗಾಂಬುಧಿ ಕೆರೆ ಕಡೆ 30 ನಿಮಿಷ" ಎನ್ನುವುದಕ್ಕೆ ಇದೆ, ಯಾಕೆಂದರೆ ಹಾಲಿನವನು ದಿನಾ ಬರುತ್ತಾನೆ, ಹುರುಪು ದಿನಾ ಬರುವುದಿಲ್ಲ.

ಇಷ್ಟಾದರೂ ಮನಸ್ಸು ಬಾರದ ದಿನಗಳು ಇರುತ್ತವೆ. ಅವತ್ತಿಗೆ ಹತ್ತು ನಿಮಿಷದ ಕರಾರು ಮಾಡಿಕೊಳ್ಳಿ. ಗೇಟು ದಾಟಿ ಹತ್ತು ನಿಮಿಷ ನಿಧಾನವಾಗಿ ಓಡುವುದು, ಆಗಲೂ ಬೇಡ ಅನ್ನಿಸಿದರೆ ನಾಚಿಕೆಯಿಲ್ಲದೆ ವಾಪಸ್ಸು. ಇದರ ಹಿಂದೆ ಶರೀರಶಾಸ್ತ್ರವಿದೆ. ಓಟ ಶುರುವಾದ ಮೊದಲ ಮೂರು ನಾಲ್ಕು ನಿಮಿಷ ಸ್ನಾಯು ಕೇಳುವಷ್ಟು ಆಮ್ಲಜನಕವನ್ನು ಹೃದಯ, ಶ್ವಾಸಕೋಶ ಒದಗಿಸಲಾಗುವುದಿಲ್ಲ, ಅವು ಹಿಂದೆ ಬಿದ್ದಿರುತ್ತವೆ. ಆಮೇಲೆ ಸರಿದೂಗುತ್ತದೆ. ಹಾಗಾಗಿ ಮೊದಲ ಕಿಲೋಮೀಟರಿನಲ್ಲಿ "ಇವತ್ತು ನನ್ನಿಂದಾಗದು" ಅನ್ನಿಸುವುದು ಒಲೆ ಹೊತ್ತಿಕೊಳ್ಳುವ ಮುಂಚೆ ಬರುವ ಹೊಗೆ. ಹೊಗೆ ನೋಡಿ ಅಡುಗೆ ಕೈಬಿಡುವುದುಂಟೇ? ಆದರೆ ಹತ್ತು ನಿಮಿಷದ ಮೇಲೂ ಕಾಲು ಭಾರವಾಗಿಯೇ ಇದ್ದರೆ ಅದನ್ನು ನಂಬಿ. ನಿದ್ದೆ ಸಾಲದಿರಬಹುದು, ಜ್ವರ ಬರುವುದಿರಬಹುದು.

ಅಭ್ಯಾಸವಾಗಲು 21 ದಿನ ಸಾಕು ಎಂದು ವಾಟ್ಸಾಪಿನಲ್ಲಿ ಓದಿರುತ್ತೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ ಇದನ್ನು ಅಳೆದರು. 2010ರಲ್ಲಿ ಅಚ್ಚಾದ ಆ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ನಡುಗಟ್ಟಿನ ಲೆಕ್ಕದಲ್ಲಿ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು) 66 ದಿನ ಹಿಡಿಯಿತು, ಕೆಲವರಿಗೆ 18, ಕೆಲವರಿಗೆ 254 ದಿನಗಳ ಅಂದಾಜು ಬಂತು. ನಮಗೆ ಬೇಕಾದ ಮಾತು ಅದರಲ್ಲೇ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕಟ್ಟಿಕೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಮೊಬೈಲ್ ಅಪ್ಲಿಕೇಶನ್ನಿನಲ್ಲಿ 83 ದಿನ ಬಿಡದೆ ಓಡಿದ ಸರಣಿ ಇಟ್ಟುಕೊಂಡು 84ನೇ ದಿನ ತಂಗಿಯ ಮದುವೆ ಬಂದು, ಸರಣಿ ಮುರಿದು, ಓಟವನ್ನೇ ಕೈಬಿಡುವವರಿಗೆ ಇದನ್ನು ಹೇಳಬೇಕು. ಸರಣಿ ಗಾಜಿನ ಬಳೆ ಇದ್ದ ಹಾಗೆ, ಚೆಂದ, ಒಡೆದರೆ ಮತ್ತೆ ಕೂಡದು. ಅದಕ್ಕಿಂತ, ನಿಗದಿಯಾದ ಎರಡು ಓಟಗಳನ್ನು ಒಟ್ಟಿಗೆ ತಪ್ಪಿಸುವುದಿಲ್ಲ ಎಂಬ ಸಡಿಲ ನಿಯಮ ಬಾಳಿಕೆ ಬರುತ್ತದೆ.

ಲೆಕ್ಕ ಇಡಲು ಇಪ್ಪತ್ತು ರೂಪಾಯಿ ನೋಟ್‌ಬುಕ್ ಸಾಕು. ತಾರೀಖು, ನಿಮಿಷ, ಎಷ್ಟು ಕಷ್ಟವಾಯಿತು ಎಂದು ಹತ್ತಕ್ಕೆ ಎಷ್ಟು ಅಂಕ, ಒಂದೆರಡು ಪದ. "12 ಮಂಗಳ, 35 ನಿ., 4, ತಂಪು, ಎಡ ಹಿಮ್ಮಡಿ." ಇಂಥ ನಲವತ್ತು ಸಾಲು ಸೇರಿದ ಮೇಲೆ ತಿರುವಿ ನೋಡಿದರೆ ಮೂರು ವಾರದಿಂದ ಎಡ ಹಿಮ್ಮಡಿ ನಾಲ್ಕು ಸಲ ಬಂದಿರುವುದು ಕಣ್ಣಿಗೆ ಬೀಳುತ್ತದೆ, ಯಾವ ವಾಚೂ ಇದನ್ನು ಹೇಳದು. ವಾಚಿನ ಜಿಪಿಎಸ್ ದಟ್ಟ ಮರಗಳ ಕೆಳಗೆ ಎಡವುತ್ತದೆ, ಅದೇ ದಾರಿಯನ್ನು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ತೋರಿಸುತ್ತದೆ. ಅದರ ಮೇಲೆ ಕೂತು ಹತ್ತು ಸೆಕೆಂಡಿನ ಸುಧಾರಣೆಗೆ ಹಿಗ್ಗುವುದು, ಕುಗ್ಗುವುದು ಎರಡೂ ವ್ಯರ್ಥ. ಓಟದ ಲೆಕ್ಕವನ್ನು ಎಲ್ಲರಿಗೂ ತೋರಿಸುವ ಸ್ಟ್ರಾವಾ ಎಂಬ ಅಪ್ಲಿಕೇಶನ್ನಿನಲ್ಲಿ ಊರವರೆಲ್ಲ ನೋಡುತ್ತಾರೆಂದು ಪ್ರತಿದಿನ ಜೋರು ಓಡುವವರು ಅಲ್ಲಿ ತಮ್ಮ ವೇಗವನ್ನು ಕಾಣದಂತೆ ಇಟ್ಟುಕೊಳ್ಳುವುದು ಲೇಸು.

ಜಾಗದ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು, ಆದರೆ ಜಾಗವೂ ಮನಸ್ಸಿನ ಮೇಲೆ ಆಟವಾಡುತ್ತದೆ. ಮನೆಯ ಸುತ್ತ ಅರ್ಧ ಕಿಲೋಮೀಟರಿನ ಸುತ್ತು ಹಾಕುವವರಿಗೆ ಪ್ರತಿ ಸುತ್ತಿಗೂ ಮನೆ ಗೇಟು ಎದುರಾಗಿ ಕಾಫಿ ವಾಸನೆ ಕರೆಯುತ್ತದೆ. ಒಂದು ಓಟದಲ್ಲಿ ಹತ್ತು ಸಲ ಮನಸ್ಸು ಗಟ್ಟಿ ಮಾಡಬೇಕು. ಕುಕ್ಕರಹಳ್ಳಿಯ ಸುತ್ತು ಐದು ಕಿಲೋಮೀಟರಿಗೆ ತುಸು ಕಡಿಮೆ, ಅರ್ಧ ಹೋದ ಮೇಲೆ ಹಿಂದಕ್ಕೆ ಬಂದರೂ ಮುಂದಕ್ಕೆ ಹೋದರೂ ದೂರ ಅಷ್ಟೇ. ಒಂದೇ ಸಲ ಮನಸ್ಸು ಮಾಡಿದರೆ ಸಾಕು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ನೀರಿಗಾಗಿ ಕಟ್ಟಿಸಿದ ಕೆರೆ ಹೀಗೂ ಉಪಕಾರಕ್ಕೆ ಬರುತ್ತದೆಂದು ಯಾರು ಎಣಿಸಿದ್ದರು! ಮಣ್ಣಿನ ನೆಲ, ನೆರಳು, ಹಕ್ಕಿಗಳ ಗದ್ದಲ. ನಡೆಯುವವರು ನಾಲ್ಕು ಜನ ಸಾಲಾಗಿ ದಾರಿ ತುಂಬಿಕೊಂಡು ಹೋಗುವುದೊಂದೇ ತಕರಾರು, "ಸ್ವಲ್ಪ ದಾರಿ ಬಿಡಿ ಅಮ್ಮಾ" ಎಂದು ಹತ್ತು ಹೆಜ್ಜೆ ಮೊದಲೇ ಹೇಳಿದರೆ ಯಾರೂ ಬೆಚ್ಚಿಬೀಳುವುದಿಲ್ಲ.

ಟ್ರ್ಯಾಕಿನಲ್ಲಿ ಓಡುವವರು ಒಳಗಿನ ಒಂದನೇ ಲೇನ್ 400 ಮೀಟರು, ಎಂಟನೆಯದು 450 ಮೀಟರಿಗೂ ಮೇಲೆ ಎಂಬುದನ್ನು ನೆನಪಿಡಿ. ಹೊರಗಿನ ಲೇನಿನಲ್ಲಿ ಹತ್ತು ಸುತ್ತು ಹಾಕಿ ನಾಲ್ಕು ಕಿಲೋಮೀಟರು ಇಷ್ಟು ಹೊತ್ತು ಹಿಡಿಯಿತೇ ಎಂದು ಬೇಜಾರು ಮಾಡಿಕೊಳ್ಳುವವರನ್ನು ನೋಡುತ್ತೇವೆ, ಅವರು ಓಡಿದ್ದು ನಾಲ್ಕೂವರೆ.

ಚಾಮುಂಡಿ ಬೆಟ್ಟ ಎಂದರೆ ಎಲ್ಲರಿಗೂ ಆಸೆ. ಊರಿನ ನೆಲಕ್ಕಿಂತ ಸುಮಾರು 300 ಮೀಟರು ಏರಿಕೆ, ದೊಡ್ಡದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು. ಹತ್ತುವುದು ಒಳ್ಳೆಯ ವ್ಯಾಯಾಮ, ಮೆಟ್ಟಿಲಲ್ಲಿ ಓಡಿ ಇಳಿಯುವುದು ಕೆಟ್ಟ ಯೋಚನೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು, ಅದರ ಎಳೆಗಳಿಗೆ ಹೆಚ್ಚು ಪೆಟ್ಟಾಗುವುದು ಹೀಗೆ ತಡೆಯುವಾಗಲೇ. ನೋವು ಅವತ್ತು ಗೊತ್ತಾಗುವುದಿಲ್ಲ, ಒಂದೆರಡು ದಿನ ಕಳೆದು ಏರುತ್ತದೆ. ಭಾನುವಾರ ಬೆಟ್ಟದಿಂದ ಧಡಧಡ ಇಳಿದವರು ಮಂಗಳವಾರದ ಓಟ ತಪ್ಪಿಸುವುದು ಇದರಿಂದ. ಮೆಟ್ಟಿಲಲ್ಲಿ ಹತ್ತಿ, ನಂದಿಗೆ ಕೈಮುಗಿದು, ಇಳಿಯುವಾಗ ನಡೆಯಿರಿ. ತಿಂಗಳಿಗೊಮ್ಮೆ ಸಾಕು.

ಮಂಡ್ಯದ ಕಡೆಯವರಿಗೆ ವಿಶ್ವೇಶ್ವರಯ್ಯ ನಾಲೆಯ ಏರಿ ಇದೆ. ಸಮತಟ್ಟು, ತಂಪು, ವಾಹನ ಕಡಿಮೆ. ಮಳೆ ಬಿದ್ದ ಮರುದಿನ ಅಂಚಿನಲ್ಲಿ ಓಡಬೇಡಿ, ಜಾರಿದರೆ ಹರಿಯುವ ನೀರಿನಿಂದ ಹತ್ತಿ ಬರುವುದು ಈಜು ಬಲ್ಲವರಿಗೂ ಕಷ್ಟ. ಕಬ್ಬು ಅರೆಯುವ ಕಾಲದಲ್ಲಿ ನಸುಕಿನ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹೋಗುತ್ತವೆ. ಟ್ರೇಲರಿನ ಹಿಂದೆ ದೀಪ ಇರುವುದು ಅಪರೂಪ, ಇಕ್ಕೆಲದಲ್ಲೂ ಕಬ್ಬಿನ ಜಲ್ಲೆ ಚಾಚಿರುತ್ತದೆ. ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಿ, ಬಿಳಿ ಅಂಗಿ ಹಾಕಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೇ ಪ್ರವೇಶವಿಲ್ಲ, ಅವೆಲ್ಲ ಬದಿಯ ಸರ್ವಿಸ್ ರಸ್ತೆಗೆ ಇಳಿದಿವೆ. ಓಡಲು ಆ ಸರ್ವಿಸ್ ರಸ್ತೆಯೂ ಬೇಡ. ನಮ್ಮಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಹತ್ತಿರ ಹತ್ತಿರ ಆರು ಮುಕ್ಕಾಲಿಗೆ, ಜೂನಿನಲ್ಲಿ ಆರಕ್ಕೆ ಸ್ವಲ್ಪ ಮುಂಚೆ. ವರ್ಷವಿಡೀ ಒಂದೇ ಹೊತ್ತಿಗೆ ಅಲಾರಾಂ ಇಟ್ಟರೆ ಚಳಿಗಾಲದಲ್ಲಿ ಕತ್ತಲೆಗೆ ಹೋಗಬೇಕಾಗುತ್ತದೆ, ಜನವರಿ ಫೆಬ್ರವರಿಯಲ್ಲಿ ಅರ್ಧ ಗಂಟೆ ತಡವಾಗಿ ಹೊರಡಿ. ಏಪ್ರಿಲಿನಲ್ಲಿ ಬೇಗ ಹೊರಡಿ, ಸೆಕೆಯಲ್ಲಿ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ಮಗ್ಗಿ ಮುರಿಯುತ್ತಿದ್ದರೆ ವೇಗ ಇಳಿಸಿ, ಅವತ್ತಿನ ನಿಧಾನಕ್ಕೆ ಬಿಸಿಲು ಕಾರಣ.

ತೂಕ ಇಳಿಸಲೆಂದೇ ಓಡುವವರು ಬೇಗ ನಿರಾಶರಾಗುತ್ತಾರೆ. ಲೆಕ್ಕ ಸರಳ. ಒಂದು ಕಿಲೋಮೀಟರು ಓಡಿದರೆ ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚು. 65 ಕಿಲೋದವರು ಐದು ಕಿಲೋಮೀಟರಿಗೆ ಕರಗಿಸುವುದು 325. ಓಟ ಮುಗಿಸಿ ಗುಂಪಾಗಿ ಹೋಟೆಲಿಗೆ ನುಗ್ಗಿ ಬೆಣ್ಣೆ ಇಟ್ಟ ಮಸಾಲೆ ದೋಸೆ, ಚಟ್ನಿ, ಸಕ್ಕರೆ ಕಾಫಿ ಮುಗಿಸುವಷ್ಟರಲ್ಲಿ ಆ ಲೆಕ್ಕ ಚುಕ್ತಾ. ದೋಸೆ ಬಿಡಿ ಎನ್ನುವುದಿಲ್ಲ, ಮೈಸೂರಿನಲ್ಲಿ ನಿಂತು ಅದನ್ನು ಹೇಳುವ ಧೈರ್ಯವೂ ಇಲ್ಲ. ತೂಕದ ಯಂತ್ರವನ್ನು ಓಟದ ಅಂಕಪಟ್ಟಿ ಮಾಡಬೇಡಿ, ಅಷ್ಟೇ. ಮೆಟ್ಟಿಲು ಹತ್ತುವಾಗಿನ ಉಸಿರು, ರಾತ್ರಿಯ ನಿದ್ದೆ, ನೋಟ್‌ಬುಕ್ಕಿನಲ್ಲಿ ಅದೇ 35 ನಿಮಿಷಕ್ಕೆ 6 ಇದ್ದ ಅಂಕ 4 ಆಗುವುದು, ಇವು ಮುಂಚೆ ಬದಲಾಗುತ್ತವೆ. ಒಂದು ಗಂಟೆಯೊಳಗಿನ ಓಟಕ್ಕೆ ಮೊದಲು ತಿನ್ನಲೇಬೇಕಿಲ್ಲ, ಹಸಿವಾದರೆ ಅರ್ಧ ಬಾಳೆಹಣ್ಣು ಸಾಕು.

ಪದಕಗಳ ಮಾತು. ಹತ್ತು ಕಿಲೋಮೀಟರಿನ ಸ್ಪರ್ಧೆಗೆ ಹೆಸರು ಕೊಡುವುದು ಒಳ್ಳೆಯ ನೆಪ, 12 ವಾರ ಮುಂಚೆ ಕೊಡಿ. ಆದರೆ ಮುಗಿದ ಮರುವಾರ ಬರುವ ಖಾಲಿತನಕ್ಕೆ ತಯಾರಿರಿ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಮರದ ತುಂಡು ಜೋಡಿಸುವ ಒಗಟು ಕೊಟ್ಟರು. ಕೆಲವರಿಗೆ ಬಿಡಿಸಿದ್ದಕ್ಕೆ ಹಣ ಕೊಟ್ಟು ಆಮೇಲೆ ನಿಲ್ಲಿಸಿದಾಗ, ಬಿಡುವಿನಲ್ಲಿ ಅವರು ಆ ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ಪದಕಕ್ಕಾಗಿಯೇ ಓಡುವವರಿಗೂ ಹೀಗೇ. ಸ್ಪರ್ಧೆಗೆ ಮುಂಚೆಯೇ ನಂತರದ ಎರಡು ವಾರದ ಓಟಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಮೊದಲ ವಾರ ನಡಿಗೆ ಮಾತ್ರ, ಎರಡನೆಯದರಲ್ಲಿ 20 ನಿಮಿಷದ ಮೂರು ಓಟ.

ಬಿಟ್ಟು ಮತ್ತೆ ಹಿಡಿಯುವ ಕ್ರಮವೂ ಇಷ್ಟೇ ಮುಖ್ಯ. ಒಂದು ವಾರ ತಪ್ಪಿದರೆ ಏನೂ ಆಗಿಲ್ಲ ಎಂಬಂತೆ ಮುಂದುವರಿಸಿ. ಎರಡು ವಾರವಾದರೆ ಅರ್ಧದಿಂದ ಶುರು. ತಿಂಗಳಾದರೆ ಎರಡು ವಾರ ಓಟ-ನಡಿಗೆಗೆ ಮರಳಿ. ನೆಗಡಿ ಮೂಗಿನಲ್ಲೇ ಇದ್ದರೆ ನಿಧಾನಕ್ಕೆ ಓಡಬಹುದು. ಜ್ವರ, ಎದೆಯ ಕೆಮ್ಮು, ಮೈಕೈ ನೋವು ಇದ್ದರೆ ಕೂಡದು. ಡೆಂಗಿಯಂಥದ್ದು ಬಂದು ಹೋಗಿದ್ದರೆ ಡಾಕ್ಟರು ಸರಿ ಎಂದ ಮೇಲೆ ಮಾತ್ರ. ಓಡುವಾಗ ಎದೆ ಬಿಗಿತ, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿ, ಅದಕ್ಕೆ ಯಾವ ಕರಾರೂ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಹುರುಪಿನ ಉಪದೇಶ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ. ಬೆಳಗ್ಗೆ ಆರರಿಂದ ಏಳೂವರೆಯೊಳಗೆ ತಿಂಡಿ, ಎರಡು ಡಬ್ಬಿ, ಮಕ್ಕಳ ಜಡೆ, ನೀರು ಹಿಡಿಯುವುದು. ಅವರಿಗೆ ಕಡಿಮೆ ಇರುವುದು 40 ನಿಮಿಷ. ಮಂಗಳವಾರ, ಗುರುವಾರ ಡಬ್ಬಿ ಯಾರು ಕಟ್ಟುತ್ತಾರೆ ಎಂದು ಭಾನುವಾರವೇ ಮನೆಯಲ್ಲಿ ಮಾತಾಗಲಿ, ಚಿತ್ರಾನ್ನ ಕಲಸಲು ಗಂಡಸರ ಕೈಗೂ ಬರುತ್ತದೆ. ಹೊರಡುವಾಗ ದಾರಿ ಯಾವುದೆಂದು ಒಬ್ಬರಿಗಾದರೂ ಗೊತ್ತಿರಲಿ, ಕತ್ತಲಿದ್ದರೆ ಇಬ್ಬರು ಒಟ್ಟಿಗೆ ಹೋಗಿ. ಒಳ್ಳೆಯ ಸ್ಪೋರ್ಟ್ಸ್ ಬ್ರಾ ಶೂನಷ್ಟೇ ಅಗತ್ಯ, ಅದಕ್ಕೆ ಖರ್ಚು ಮಾಡಲು ಹಿಂಜರಿಯಬೇಡಿ.

ಶೂ ಎಂದಾಗ ನೆನಪಾಯಿತು. ಸಂಜೆ ಹೊತ್ತು ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬೇಕು. 500ರಿಂದ 800 ಕಿಲೋಮೀಟರಿಗೆ ಅಟ್ಟೆಯ ಮೆತ್ತೆ ಸತ್ತುಹೋಗುತ್ತದೆ, ಮೇಲೆ ಹೊಸದರಂತೆ ಕಂಡರೂ. ಮಳೆಯಲ್ಲಿ ನೆಂದರೆ ಬಿಸಿಲಿಗಿಟ್ಟು ಅಂಟು ಬಿಡಿಸಬೇಡಿ. ಹಳೆಯ ಪೇಪರು ತುರುಕಿ ನೆರಳಲ್ಲಿಡಿ, ಎರಡು ಗಂಟೆಗೆ ಪೇಪರು ಬದಲಿಸಿದರೆ ಬೆಳಗಾಗುವುದರೊಳಗೆ ಒಣಗುತ್ತದೆ.

ಪ್ರಶ್ನೆಗಳು

ಓಡಿದರೆ ಮಂಡಿ ಸವೆಯುತ್ತದೆ ಎನ್ನುತ್ತಾರಲ್ಲ?

ಮನೆಯ ಹಿರಿಯರೆಲ್ಲ ಹೇಳುವ ಮಾತಿದು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಇದ್ದದ್ದು ನೂರಕ್ಕೆ ಮೂರೂವರೆ ಜನರಲ್ಲಿ, ಓಡದೆ ಕೂತವರಲ್ಲಿ ನೂರಕ್ಕೆ ಹತ್ತು. ಸ್ಪರ್ಧೆಗೇ ಜೀವನ ಮುಡಿಪಿಟ್ಟವರಲ್ಲಿ ಮಾತ್ರ ಹದಿಮೂರು. ಆದರೆ ಈಗಾಗಲೇ ಮಂಡಿ ಊದಿಕೊಂಡಿರುವವರು, ಮೆಟ್ಟಿಲು ಇಳಿಯುವಾಗ ಮಂಡಿ ಸಿಕ್ಕಿಹಾಕಿಕೊಳ್ಳುವವರು ಮೊದಲು ತೋರಿಸಿಕೊಳ್ಳಬೇಕು.

ಬೀದಿನಾಯಿಗಳಿಗೆ ಹೆದರಿ ಓಟ ಬಿಟ್ಟಿದ್ದೇನೆ.

ನಾಯಿ ಬೊಗಳಿದರೆ ಓಟ ನಿಲ್ಲಿಸಿ ನಡೆಯಿರಿ, ಅದು ಅಟ್ಟಿಸಿಕೊಂಡು ಬರುವುದು ಓಡುವುದನ್ನು. ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಬೆನ್ನು ಹಾಕಬೇಡಿ, ಪಕ್ಕಕ್ಕೆ ಸರಿಯುತ್ತಾ ದಾಟಿ. ಕಚ್ಚಿದರೆ, ಹಲ್ಲು ತರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು. ಅರಿಶಿನ, ಕಾಫಿಪುಡಿ ಮೆತ್ತಬೇಡಿ.

ನಾವು ಗಂಡ ಹೆಂಡತಿ ಒಟ್ಟಿಗೆ ಹೊರಡುತ್ತೇವೆ. ಅವರು ಮುಂದೆ ಹೋಗಿಬಿಡುತ್ತಾರೆ, ನಾನು ಹಿಂದೆ ಒಬ್ಬಳೇ. ಅದಕ್ಕೇ ಬೇಜಾರು.

ದೂರದ ಲೆಕ್ಕ ಬಿಟ್ಟು ಹೊತ್ತಿನ ಲೆಕ್ಕ ಹಿಡಿಯಿರಿ. ನಾಲೆ ಏರಿಯಂಥ ನೇರ ದಾರಿ ಆರಿಸಿಕೊಳ್ಳಿ. ಒಟ್ಟಿಗೆ ಹೊರಟು ಇಬ್ಬರೂ ತಂತಮ್ಮ ವೇಗದಲ್ಲಿ 20 ನಿಮಿಷ ಹೋಗಿ, ಎಲ್ಲಿದ್ದೀರೋ ಅಲ್ಲೇ ತಿರುಗಿ. ಅವರು ಮೂರು ಕಿಲೋಮೀಟರು ಹೋಗಿರಲಿ, ನೀವು ಎರಡೂವರೆ, ಅದೇ ವೇಗದಲ್ಲಿ ವಾಪಸ್ಸಾದರೆ 40ನೇ ನಿಮಿಷಕ್ಕೆ ಹೊರಟ ಜಾಗದಲ್ಲಿ ಇಬ್ಬರೂ ಇರುತ್ತೀರಿ. ಕೊನೆಯ ನೂರು ಮೀಟರಿನಲ್ಲಿ ಅವರ ಹೆಜ್ಜೆ ಸದ್ದು ನಿಮ್ಮ ಬೆನ್ನಿಗೇ ಕೇಳಿಸಬೇಕು. ಎರಡು ನಿಮಿಷ ಮೊದಲೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರೆ ಬರುವಾಗ ಅವಸರ ಮಾಡಿದ್ದಾರೆ ಎಂದು ಅರ್ಥ. ಮುಂದಿನ ಗುರುವಾರ ಹದಿಮೂರರ ಮಗ್ಗಿ ಹೇಳಿಸಿ.